ಡಬ್ಬಿ ತೆರೆದರೆ ಹೊಗೆಗೂಡಿನ ವಾಸನೆ: ಲಟಾಕಿಯಾ ಕುರಿತು ಓದುಗರ ಪ್ರಶ್ನೆಗಳು

ಪ್ರಶ್ನೆ: ಎರಡು ವರ್ಷದಿಂದ ಪೈಪ್ ಸೇದುತ್ತೇನೆ, ಎಲ್ಲವೂ ವೆನಿಲ್ಲಾ, ಚೆರಿ ಪರಿಮಳದ್ದು. ಈಗ ಲಟಾಕಿಯಾ ಎಂಬ ಹೊಗೆ ಹಾಕಿದ ಸೊಪ್ಪು ಬೆರೆತದ್ದನ್ನು ನೋಡುವ ಆಸೆ. ದುಬೈಯಲ್ಲಿರುವ ಭಾವ ಬರುವ ತಿಂಗಳು ಊರಿಗೆ ಬರುತ್ತಾನೆ. ಯಾವ ಡಬ್ಬಿ ತರಲು ಹೇಳಲಿ? (ಕುಂಬಳೆ)

ಉತ್ತರ: ಎರಡೇ ಡಬ್ಬಿ ಹೇಳಿ. ವಿಮಾನದಲ್ಲಿ ಬರುವವರು ಸುಂಕವಿಲ್ಲದೆ ತರಬಹುದಾದದ್ದು 125 ಗ್ರಾಂ ಹೊಗೆಸೊಪ್ಪು. ಡಬ್ಬಿ ಸಾಮಾನ್ಯವಾಗಿ 50 ಗ್ರಾಂ, ಮೂರನೆಯದು ಲೆಕ್ಕ ಮೀರುತ್ತದೆ. ಅದೂ 100 ಸಿಗರೇಟ್ ಅಥವಾ 25 ಸಿಗಾರ್ ಅಥವಾ 125 ಗ್ರಾಂ ಸೊಪ್ಪು. ಆ ‘ಅಥವಾ’ ಮರೆಯಬೇಡಿ. ಭಾವ ಇನ್ಯಾರಿಗೋ ಸಿಗರೇಟ್ ತರಲು ಒಪ್ಪಿಕೊಂಡಿದ್ದರೆ ನಿಮ್ಮ ಡಬ್ಬಿಗೆ ಸುಂಕ ಬೀಳುತ್ತದೆ.

ಲಟಾಕಿಯಾ ಕಂಪನಿಯ ಹೆಸರಲ್ಲ, ಸಿರಿಯಾದ ಒಂದು ಬಂದರೂರಿನ ಹೆಸರು. ಸಣ್ಣ ಎಲೆಯ ಓರಿಯೆಂಟಲ್ (ಟರ್ಕಿ ಕಡೆಯ) ಸೊಪ್ಪನ್ನು ಬಿಸಿಲಿಗೆ ಒಣಗಿಸಿ, ಆಮೇಲೆ ಕೊಟ್ಟಿಗೆಯಲ್ಲಿ ತೂಗಹಾಕಿ ವಾರಗಟ್ಟಲೆ ಹೊಗೆ ಹಾಕುತ್ತಾರೆ. ಈಗ ಡಬ್ಬಿಗಳಲ್ಲಿ ಸಿಗುವುದು ಬಹುಪಾಲು ಸೈಪ್ರಸ್‌ನದು. ಅಲ್ಲಿ ಮಾಸ್ಟಿಕ್, ಮಿರ್ಟಲ್, ಪೈನ್ ಮುಂತಾದ ಪರಿಮಳದ ಪೊದೆ–ಕಟ್ಟಿಗೆಗಳ ಹೊಗೆ. ಸೊಪ್ಪು ಕಪ್ಪಗಾಗುತ್ತದೆ. ಅದರಲ್ಲಿ ಸಕ್ಕರೆ ಕಡಿಮೆ, ನಿಕೋಟಿನ್ ಕಡಿಮೆ, ಉರಿಯುವುದು ನಿಧಾನ. ಅಡುಗೆಗೆ ಇಂಗು ಹೇಗೋ ಮಿಶ್ರಣಕ್ಕೆ ಇದು ಹಾಗೆ: ಹೊಟ್ಟೆ ತುಂಬಿಸುವ ಅನ್ನ ವರ್ಜಿನಿಯಾ ಸೊಪ್ಪು, ಸಾರು ಓರಿಯೆಂಟಲ್. ಆದ್ದರಿಂದ ಕೇಳಬೇಕಾದದ್ದು ಯಾವ ಕಂಪನಿ ಎಂದಲ್ಲ, ಇಂಗು ಎಷ್ಟು ಎಂದು.

ಮೊದಲ ಡಬ್ಬಿ ಪೀಟರ್ಸನ್‌ನ ಅರ್ಲಿ ಮಾರ್ನಿಂಗ್ ಪೈಪ್. ಇದರಲ್ಲಿ ಲಟಾಕಿಯಾ ಹಿನ್ನೆಲೆಯಲ್ಲಷ್ಟೇ ಇದೆ. ಅದು ಸಿಗದಿದ್ದರೆ ಸ್ಯಾಮ್ಯುಯಲ್ ಗಾವಿತ್‌ನ ಸ್ಕ್ವಾಡ್ರನ್ ಲೀಡರ್ ಆದೀತು. ಎರಡನೆಯದು ಮೈ ಮಿಕ್ಸ್‌ಚರ್ 965. ಹೊಗೆ ಜಾಸ್ತಿ, ಆದರೆ ಬೆರೆಸಿದ ಕ್ಯಾವೆಂಡಿಷ್ (ಹಬೆಯಲ್ಲಿ ಒತ್ತಿ ಹದಮಾಡಿದ) ಸೊಪ್ಪಿನಿಂದಾಗಿ ನಾಲಗೆಗೆ ಮೆದು. ಹಳೆಯ ಪಟ್ಟಿಗಳಲ್ಲಿ ಪೀಟರ್ಸನ್‌ನ ಈ ಎರಡೂ ಡನ್‌ಹಿಲ್ ಹೆಸರಿನಲ್ಲಿವೆ. 2018ರಲ್ಲಿ ಡನ್‌ಹಿಲ್ ಪೈಪ್ ಸೊಪ್ಪು ನಿಂತು, ಅವೇ ಹೆಸರುಗಳು ಪೀಟರ್ಸನ್ ಡಬ್ಬಿಯಲ್ಲಿ ಮರಳಿದವು. ಭಾವ ಅಂಗಡಿಯಲ್ಲಿ ಡನ್‌ಹಿಲ್ ಕೇಳಿ ಬರಿಗೈಯಲ್ಲಿ ಬರದಂತೆ ಹೇಳಿಬಿಡಿ.

ಪೀಟರ್ಸನ್‌ನದೇ ನೈಟ್‌ಕ್ಯಾಪ್ ಸದ್ಯ ಬೇಡ. ಅದರ ಹೊಡೆತ ಪೆರಿಕ್ (ಒತ್ತಿ ಹುಳಿಯಿಸಿದ ಖಾರದ ಸೊಪ್ಪು) ಮತ್ತು ವರ್ಜಿನಿಯಾದಿಂದ ಬರುತ್ತದೆ, ಹೊಸಬರು ಲಟಾಕಿಯಾವನ್ನು ದೂರುತ್ತಾರೆ. ಪೈರೇಟ್ ಕೇಕ್ ಎಂಬ ಮಿಶ್ರಣವಂತೂ ಇನ್ನೂ ದೂರದ ಮಾತು. ಅರ್ಧಕ್ಕಿಂತ ಹೆಚ್ಚು ಲಟಾಕಿಯಾ ಇರುವ ಮಿಶ್ರಣದಲ್ಲಿ ಹೊಗೆ ಬಿಟ್ಟರೆ ಬೇರೆ ರುಚಿ ಹುಡುಕಬೇಕಾಗುತ್ತದೆ. ಇಂಗು–ತೆಂಗು ಇದ್ದರೆ ಮಂಗನೂ ಅಡುಗೆ ಮಾಡೀತು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಡಬ್ಬಿ ತೆರೆದ ಕೂಡಲೇ ಕೊಬ್ಬರಿ ಒಣಗಿಸುವ ಹೊಗೆಗೂಡಿನ ವಾಸನೆ ಬಂದೀತು. ಸೇದುವಾಗ ಅಷ್ಟಿರುವುದಿಲ್ಲ. ಒಂದು ಪೈಪಿನಲ್ಲಿ ತೀರ್ಪು ಕೊಡಬೇಡಿ, ನಾಲ್ಕೈದು ಸಲ ನೋಡಿ.

ಪ್ರಶ್ನೆ: ನನ್ನ ಲಟಾಕಿಯಾ ಪೈಪ್ ಐದು ನಿಮಿಷಕ್ಕೊಮ್ಮೆ ಆರುತ್ತದೆ, ಬುಡದಲ್ಲಿ ನೀರು ಗುಳುಗುಳು, ನಾಲಗೆ ಉರಿ. ಸೊಪ್ಪು ಕಳಪೆಯೇ? (ಬದಿಯಡ್ಕ)

ಉತ್ತರ: ಸೊಪ್ಪು ಒದ್ದೆ. ಡಬ್ಬಿಯಿಂದ ಬರುವಾಗಲೇ ಹೆಚ್ಚಿನವು ತೇವವಾಗಿರುತ್ತವೆ. ಸೇದಲು ಶೇಕಡಾ 12–14ರಷ್ಟು ತೇವ ಸಾಕು. ಒದ್ದೆ ಸೊಪ್ಪು ಆರುತ್ತದೆ, ಆರದಂತೆ ಉಳಿಸಲು ನೀವು ಜೋರಾಗಿ ಎಳೆಯುತ್ತೀರಿ, ಎಳೆದಾಗ ಬರುವುದು ಬಿಸಿ ಆವಿ. ನಾಲಗೆ ಸುಡುವುದು ಆ ಆವಿಯಿಂದ.

ಒಂದು ಚಿಟಿಕೆ ತೆಗೆದು ಹೆಬ್ಬೆರಳು–ತೋರುಬೆರಳ ನಡುವೆ ಒತ್ತಿ ಬಿಡಿ. ಉಂಡೆಯಾಗಿಯೇ ಉಳಿದರೆ ಒದ್ದೆ. ಮೆಲ್ಲನೆ ಬಿಚ್ಚಿಕೊಂಡರೆ ಸರಿ. ಚರಚರ ಅಂದರೆ ಒಣಗಿ ಹೋಗಿದೆ. ಬೇಸಗೆಯಲ್ಲಿ ಕಾಗದದ ಮೇಲೆ ತೆಳ್ಳಗೆ ಹರಡಿ ಅರ್ಧ ಗಂಟೆ ಇಟ್ಟರೆ ಸಾಕು. ಆಟಿಯ ಮಳೆಯಲ್ಲಿ ಆ ಉಪಾಯ ತಿರುಗುಬಾಣ: ಹೊರಗಿಟ್ಟ ಸೊಪ್ಪು ಒಣಗುವ ಬದಲು ತೇವ ಹೀರುತ್ತದೆ. ಆಗ ಒಂದು ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ತಟ್ಟೆಗೆ ಹಾಕಿ, ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯ ಮುಚ್ಚಳದ ಮೇಲೆ ಐದಾರು ನಿಮಿಷ ಇಡಿ. ನೇರ ಉರಿ ಬೇಡ, ಪರಿಮಳ ಹಾರಿಹೋಗುತ್ತದೆ.

ತುಂಬುವಾಗ ಮೊದಲು ಸೊಪ್ಪು ತಾನಾಗಿ ಬೀಳಲಿ, ಒತ್ತುವುದು ಮಗುವಿನ ಕೈಯಷ್ಟು. ಮತ್ತೆ ತುಂಬಿ ಹೆಂಗಸಿನ ಕೈಯಷ್ಟು, ಮೂರನೆಯದು ಗಂಡಸಿನ ಕೈಯಷ್ಟು. ಇದು ಹಳೆಯ ಪೈಪ್‌ಗಾರರ ಮಾತು. ಬೆಂಕಿ ಹಚ್ಚದೆ ಒಮ್ಮೆ ಎಳೆದು ನೋಡಿ: ಸ್ಟ್ರಾದಲ್ಲಿ ಎಳನೀರು ಹೀರಿದಷ್ಟು ಸಲೀಸಾಗಿರಬೇಕು. ಮೊದಲ ಬೆಂಕಿಗೆ ಸೊಪ್ಪು ಮೇಲೆದ್ದು ಉಬ್ಬುತ್ತದೆ, ಅದನ್ನು ಹಗುರಕ್ಕೆ ಒತ್ತಿ ಮತ್ತೆ ಹಚ್ಚಿ. ಒಂದೇ ಕಡ್ಡಿಯಲ್ಲಿ ಮುಗಿಸುವ ಹಟ ಯಾರಿಗೂ ಶೋಭೆಯಲ್ಲ.

ಪ್ರಶ್ನೆ: ಜಾಡಿಯೊಳಗಿನ ಸೊಪ್ಪಿನ ಮೇಲೆ ಬಿಳಿ ಕಂಡಿದೆ. ಬೂಸ್ಟೋ, ಹಳತಾದ ಸೊಪ್ಪಿನ ಮೇಲೆ ಬರುವ ಹರಳೋ? (ಉಪ್ಪಳ)

ಉತ್ತರ: ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಹರಳಾದರೆ ಮಿನುಗುತ್ತದೆ, ಒಂದು ಹನಿ ನೀರು ತಾಗಿಸಿದರೆ ಕರಗುತ್ತದೆ. ಬೂಸ್ಟಾದರೆ ಜೇಡನ ಬಲೆಯಂತೆ ನೂಲು ನೂಲು, ಜೊತೆಗೆ ಮಳೆಗಾಲದ ಗೋಣಿಚೀಲದ ಮುಗ್ಗಲು. ಲಟಾಕಿಯಾದ ಹೊಗೆ ವಾಸನೆ ಆ ಮುಗ್ಗಲನ್ನು ಮುಚ್ಚುತ್ತದೆ, ಹಾಗಾಗಿ ಮೂಗಿಗಿಂತ ಕಣ್ಣನ್ನು ನಂಬಿ. ಬೂಸ್ಟಾಗಿದ್ದರೆ ಜಾಡಿಯಷ್ಟೂ ಎಸೆಯಿರಿ, ಬಿಸಿಲಿಗೆ ಹಾಕಿ ಉಳಿಸುವ ಪ್ರಯತ್ನ ಬೇಡ. ಜಾಡಿಯನ್ನು ಕುದಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿದ ಮೇಲೆಯೇ ಮತ್ತೆ ತುಂಬಿ. ರಬ್ಬರ್ ಪಟ್ಟಿಯ ಗಾಜಿನ ಜಾಡಿ ಒಳ್ಳೆಯದು. ಸೇಬಿನ ಹೋಳು, ಬಟಾಟೆ ತುಂಡು ಹಾಕಿ ಹದ ಮಾಡುವವರಿದ್ದಾರೆ. ಬೂಸ್ಟಿಗೆ ಅದಕ್ಕಿಂತ ಒಳ್ಳೆಯ ಆಮಂತ್ರಣವಿಲ್ಲ.

ಎಲೆಯಲ್ಲಿ ಸೂಜಿಮೊನೆಯ ತೂತು, ತಳದಲ್ಲಿ ಪುಡಿ ಕಂಡರೆ ಅದು ಸಿಗರೇಟ್ ಹುಳ. ಅರಸಿನ, ಮೆಣಸಿನ ಪುಡಿಗೆ ಬೀಳುವ ಅದೇ ಕಂದು ಹುಳ. ಪಕ್ಕದ ಜಾಡಿಗಳನ್ನು ಬಿಗಿಯಾಗಿ ಮುಚ್ಚಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಮುಚ್ಚಳ ತೆರೆಯಬೇಡಿ, ತೆರೆದರೆ ಒಳಗೆ ನೀರು ಕಟ್ಟುತ್ತದೆ.

ಪ್ರಶ್ನೆ: ಒಮ್ಮೆ ಲಟಾಕಿಯಾ ಸೇದಿದ ಬ್ರಯರ್ ಮರದ ಪೈಪಿನಲ್ಲಿ ಈಗ ಏನು ಹಾಕಿದರೂ ಅದೇ ರುಚಿ. (ಮಂಜೇಶ್ವರ)

ಉತ್ತರ: ಒಳಗೆ ಕಟ್ಟಿದ ಮಸಿಯನ್ನು ಒಂದು ಮಿಲಿಮೀಟರ್ ಉಳಿಸಿ ಕೆರೆಯಿರಿ. ಪೈಪ್ ತಣ್ಣಗಾದ ಮೇಲೆಯೇ ಕೊಳವೆ ಕಳಚಿ. ಬಿಸಿಯಲ್ಲಿ ತಿರುಗಿಸಿದರೆ ಒಳಗಿನ ಗೂಟ ಮುರಿಯುತ್ತದೆ. ಪೈಪಿನ ಬಟ್ಟಲಿಗೆ ಹತ್ತಿ ತುಂಬಿ, ಡ್ರಾಪರಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಹನಿಯಾಗಿ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹತ್ತಿ ಕಂದಾಗಿರುತ್ತದೆ. ಹತ್ತಿ ಬಿಳಿಯಾಗಿ ಉಳಿಯುವವರೆಗೆ ಮತ್ತೆ ಮಾಡಿ, ಆಮೇಲೆ ಎರಡು ಮೂರು ದಿನ ಒಣಗಲಿ. ಡಿನೇಚರ್ಡ್ ಸ್ಪಿರಿಟ್ ಬೇಡ, ಅದರಲ್ಲಿ ಮೆಥನಾಲ್ ಇರಬಹುದು. ಹತ್ತಿಯ ಬದಲು ಕಲ್ಲುಪ್ಪು ಹಾಕುವ ಕ್ರಮವೂ ಇದೆ, ಅದರಿಂದ ಮರ ಬಿರುಕು ಬಿಟ್ಟದ್ದುಂಟು. ಸುಲಭದ ದಾರಿ ಬೇರೆ: ಲಟಾಕಿಯಾಕ್ಕೆಂದೇ ಒಂದು ಅಗ್ಗದ ಜೋಳದ ದಿಂಡಿನ ಪೈಪ್ ಇಟ್ಟುಕೊಳ್ಳಿ.

ಪ್ರಶ್ನೆ: ನಿಕೋಟಿನ್ ಕಡಿಮೆಯಾದ್ದರಿಂದ ಲಟಾಕಿಯಾ ಹಾನಿಯೂ ಕಡಿಮೆಯಲ್ಲವೇ? (ಹೊಸೂರು)

ಉತ್ತರ: ಅಲ್ಲ. ಕಟ್ಟಿಗೆಯ ಹೊಗೆಯಲ್ಲಿ ಹದವಾದ ಸೊಪ್ಪಿಗೆ ಆ ಹೊಗೆಯ ಕ್ಯಾನ್ಸರ್‌ಕಾರಕಗಳೂ ಅಂಟಿರುತ್ತವೆ. ಹೊಗೆ ನುಂಗದಿದ್ದರೂ ಬಾಯಿ, ನಾಲಗೆ, ಗಂಟಲು ಬಿಡುವುದಿಲ್ಲ. ಇದುವರೆಗೆ ಸೇದದವರು ಈ ಅಂಕಣ ಓದಿ ಶುರು ಮಾಡಬೇಡಿ.

ಪ್ರಶ್ನೆ: ಪಳ್ಳಿಕ್ಕೆರೆ ಕಡೆಯ ಹೊಗೆಸೊಪ್ಪಿಗೆ ತೆಂಗಿನ ಗೆರಟೆಯ ಹೊಗೆ ಹಾಕಿದರೆ ನಾಡ ಲಟಾಕಿಯಾ ಆಗಲಾರದೇ? (ಕಾಞಂಗಾಡು)

ಉತ್ತರ: ಆಗದು. ಅದು ವೀಳ್ಯದ ಜೊತೆ ಜಗಿಯಲು ಬೆಳೆದ ದಪ್ಪ ಎಲೆ. ಲಟಾಕಿಯಾದ ಎಲೆ ಅಂಗೈಯಗಲದ್ದು, ತೆಳ್ಳಗಿನದ್ದು. ಜಗಿಯುವ ಎಲೆಯನ್ನು ಪೈಪಿಗೆ ತುಂಬಿದರೆ ಹತ್ತು ನಿಮಿಷಕ್ಕೆ ತಲೆ ಸುತ್ತಿ, ಬೆವರಿ ವಾಂತಿಯಾದೀತು. ಅದು ನಿಕೋಟಿನ್ ಏರಿದ ಲಕ್ಷಣ. ಗೆರಟೆಯ ಹೊಗೆಯಲ್ಲಿ ಮಾಸ್ಟಿಕ್, ಮಿರ್ಟಲ್‌ಗಳ ಪರಿಮಳವೂ ಇಲ್ಲ, ಸಿಗುವುದು ಡಾಂಬರಿನ ಕಹಿ. ಅಟ್ಟದ ಮೇಲೆ ಹೊಗೆ ಹಿಡಿದ ಹಳೆಯ ಚಾಪೆಯನ್ನು ಮೂಸಿ ನೋಡಿ, ಹೆಚ್ಚುಕಡಿಮೆ ಅದೇ ರುಚಿ.