ಕೆರೆದಂಡೆಯ ಉದ್ಯಾನದ ಸುಧಾರಣೆ: ಮೊದಲು ಯಾವ ಕೆಲಸ?

ಕೆರೆದಂಡೆಯ ಉದ್ಯಾನವನ್ನು ಸುಧಾರಿಸಲು ನೆರೆಹೊರೆಯವರು ಮುಂದೆ ಬಂದಿರುವಾಗ ಮೊದಲು ಸಸಿ ನೆಡಬೇಕೇ, ಬೆಂಚುಗಳಿಗೆ ಹಣ ಕೂಡಿಸಬೇಕೇ ಎಂದು ತಾವು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಎರಡೂ ಮೊದಲ ಕೆಲಸವಲ್ಲ. ಮಳೆ ಸುರಿಯುವಾಗ ಯಾವ ಯಾವ ಚರಂಡಿಗಳು ಕೆರೆಗೆ ಸೇರುತ್ತವೆ ಎಂಬುದನ್ನು ನಾಲ್ಕಾರು ಜನ ಸುತ್ತಾಡಿ ನಕ್ಷೆಯಲ್ಲಿ ಗುರುತಿಸಿರಿ. ಏಕೆಂದರೆ ಕೊಳಚೆ ಮತ್ತು ಗೊಬ್ಬರದೊಂದಿಗೆ ಹರಿದುಬರುವ ರಂಜಕ, ಸಾರಜನಕಗಳು ಪಾಚಿಯನ್ನು ಹುಲುಸಾಗಿ ಬೆಳೆಸುತ್ತವೆ, ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಸಿದು ಮೀನುಗಳು ಸಾಯುತ್ತವೆ, ಮತ್ತು ನಾರುವ ನೀರಿನ ಪಕ್ಕದ ಬೆಂಚು ಎಷ್ಟೇ ಚೆನ್ನಾಗಿದ್ದರೂ ಅಲ್ಲಿ ಯಾರೂ ಕೂರುವುದಿಲ್ಲ.

ಸಸಿಗಳ ವಿಚಾರದಲ್ಲಿ, ನೀರಂಚಿನವರೆಗೂ ಹುಲ್ಲುಹಾಸು ಹಬ್ಬಿಸುವ ಬದಲು ಆ ನೆಲದ್ದೇ ಆದ ಜೊಂಡು ಮತ್ತು ಪೊದೆಗಳಿಗೆ ಒಂದಿಷ್ಟು ಅಗಲದ ಜಾಗ ಬಿಡುವುದು ಲೇಸು. ಅವು ಹೂಳನ್ನು ತಡೆದು ದಂಡೆಯ ಸವೆತವನ್ನು ತಗ್ಗಿಸುತ್ತವೆ. (ನೋಟಕ್ಕೆ ಅಂದವಿಲ್ಲವೆಂಬ ಆಕ್ಷೇಪ ಬಂದೇ ಬರುತ್ತದೆ.) ನೆಡಲು ನೂರು ಜನ ಸಿಗುತ್ತಾರೆ, ಬೇಸಿಗೆಯಲ್ಲಿ ನೀರೆರೆಯುವವರು ಯಾರೆಂಬುದನ್ನು ಮುಂಚೆಯೇ ನಿರ್ಧರಿಸಿರಿ.

ಮೊದಲ ಸಭೆಗೆ ವಾಯುವಿಹಾರಿಗಳನ್ನಷ್ಟೇ ಅಲ್ಲದೆ ಮೀನು ಹಿಡಿಯುವವರನ್ನೂ ಬೀದಿಬದಿಯ ವ್ಯಾಪಾರಿಗಳನ್ನೂ ಗಾಲಿಕುರ್ಚಿ ಬಳಸುವವರನ್ನೂ ಕರೆಯಿರಿ. ದಂಡೆಯಲ್ಲಿ ಅಗೆಯುವ ಯಾವುದೇ ಕೆಲಸಕ್ಕೆ ಮುನ್ನ ಕೆರೆಯ ಉಸ್ತುವಾರಿ ಹೊತ್ತ ಸಂಸ್ಥೆಯಿಂದ ಲಿಖಿತ ಅನುಮತಿ ಪಡೆಯಿರಿ.