ಮಗಳು ಮನೋರೋಗ ನರ್ಸಿಂಗ್ ಓದ್ತೀನಿ ಅಂತಾಳೆ. ಅದರಲ್ಲಿ ರೋಗಿಗಳನ್ನು ಹಿಡಿದುಕೊಳ್ಳೋದು ಬಿಟ್ಟರೆ ಬೇರೇನಿದೆ?

ಮಗಳು ನರ್ಸಿಂಗ್ ಮುಗಿಸಿದ್ದಾಳೆ, ಈಗ ಒಂದು ವರ್ಷದ ಡಿಪ್ಲೊಮಾಗೆ ಸೇರಬೇಕು ಅಂತಿದ್ದಾಳೆ, ಮನೆಯಲ್ಲಿ ಎಲ್ಲರಿಗೂ ಭಯ ಎಂದು ಬರೆದಿದ್ದೀರಿ. ನಾನು ಇದೇ ಡಿಪ್ಲೊಮಾ ಮಾಡಿ, ಉತ್ತರ ಕರ್ನಾಟಕದ ಒಂದು ಜಿಲ್ಲೆಯಲ್ಲಿ ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನಿಮ್ಮ ಭಯ ಸುಮ್ನೆ ಹುಟ್ಟಿದ್ದಲ್ಲ. ಒಂದು ಕಾಲಕ್ಕೆ ಇದು ನಿಜವಾಗಿಯೂ ಹಿಡಿದುಕೊಳ್ಳುವ ಕೆಲಸವೇ ಆಗಿತ್ತು.

ಬೆಂಗಳೂರಿನಲ್ಲಿ ‘ಲುನಾಟಿಕ್ ಅಸೈಲಮ್’ ಶುರುವಾಗಿದ್ದು 1847ರ ಸುಮಾರಿಗೆ. ಆ ಕಾಲದ ಅಸೈಲಮ್‌ಗಳಲ್ಲಿ ಬೇಕಾಗಿದ್ದವರು ಕಾವಲಿನವರು. ಬಾಗಿಲಿಗೆ ಬೀಗ ಹಾಕಬೇಕು, ಊಟ ಕೊಡಬೇಕು, ಯಾರೂ ತಪ್ಪಿಸಿಕೊಂಡು ಹೋಗದಂತೆ ನೋಡಬೇಕು, ಅಷ್ಟೇ. ಕಾಯಿಲೆಗೆ ಔಷಧಿಯೇ ಇರಲಿಲ್ಲವಲ್ಲ! 1925ರಲ್ಲಿ ಅದರ ಹೆಸರು ‘ಮೆಂಟಲ್ ಹಾಸ್ಪಿಟಲ್’ ಆಯಿತು. ಜನರ ಬಾಯಲ್ಲಿ ಮಾತ್ರ ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು.

ನಮ್ಮ ಕೆಲಸ ಬದಲಾಗಿದ್ದು 1950ರ ದಶಕದಲ್ಲಿ. ಫ್ರಾನ್ಸಿನಲ್ಲಿ 1952ರಲ್ಲಿ ಕ್ಲೋರ್‌ಪ್ರೊಮಜೀನ್ ಎಂಬ ಔಷಧಿಯನ್ನು ಮನೋರೋಗಕ್ಕೆ ಕೊಡಲು ಶುರು ಮಾಡಿದರು. ಹಗಲೂ ರಾತ್ರಿ ಕೂಗಾಡುತ್ತಿದ್ದವರು ಕೂತು ಮಾತಾಡುವಂತಾದರು. ಮಾತಾಡುವ ರೋಗಿಗೆ ಕೇಳಿಸಿಕೊಳ್ಳುವವರು ಬೇಕು, ಅಲ್ವಾ? ಬೆಂಗಳೂರಿನ ಆಸ್ಪತ್ರೆಯ ಜೊತೆಗೇ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಬಂತು. 1956ರಲ್ಲಿ ಅಲ್ಲಿ ನರ್ಸ್‌ಗಳಿಗೆಂದೇ ಮನೋರೋಗ ಶುಶ್ರೂಷೆಯ ಕೋರ್ಸ್ ಶುರುವಾಯಿತು. ಇದೇ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಗಿದ್ದು. ನಿಮ್ಮ ಮಗಳು ಓದಬೇಕು ಅಂತಿರುವ ಡಿಪ್ಲೊಮಾದ ಬೇರು ಅಲ್ಲಿದೆ.

ಹಿಡಿದುಕೊಳ್ಳೋದು ಅಂದಿರಲ್ಲ, ಅದಕ್ಕೆ ಇಸಿಟಿ ಒಳ್ಳೆಯ ಉದಾಹರಣೆ. ಮೆದುಳಿಗೆ ಸ್ವಲ್ಪ ಹೊತ್ತು ವಿದ್ಯುತ್ ಹಾಯಿಸುವ ಚಿಕಿತ್ಸೆ ಅದು, ಜನ ‘ಕರೆಂಟ್ ಕೊಡೋದು’ ಅಂತಾರೆ. ಹಿಂದೆ ಅರಿವಳಿಕೆ ಇಲ್ಲದೆ ಕೊಡುತ್ತಿದ್ದರು. ಸಿಬ್ಬಂದಿ ಸುತ್ತ ನಿಂತು ಕೈಕಾಲು ಅದುಮಿ ಹಿಡಿಯಬೇಕಿತ್ತು. ಹಾಗೆ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಿಷೇಧಿಸಿದೆ, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದನ್ನೂ ನಿಷೇಧಿಸಿದೆ. ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ, ನರ್ಸ್ ನೋಡಬೇಕಾದ್ದೇ ಬೇರೆ. ರೋಗಿ ಖಾಲಿ ಹೊಟ್ಟೆಯಲ್ಲಿದ್ದಾರಾ? ಕಟ್ಟಿಸಿದ ಹಲ್ಲು ತೆಗೆದಿದ್ದಾರಾ? ಎಚ್ಚರವಾದ ಮೇಲೆ ತಾನು ಎಲ್ಲಿದ್ದೇನೆ ಅಂತ ಅವರಿಗೆ ಗೊತ್ತಾಗುವವರೆಗೂ ಪಕ್ಕದಲ್ಲೇ ಇರಬೇಕು.

ಈ ಇತಿಹಾಸದಲ್ಲಿ ನನಗೆ ಜಾಸ್ತಿ ಹತ್ತಿರವಾದದ್ದು ಆಸ್ಪತ್ರೆಯ ಹೊರಗೆ ನಡೆದದ್ದು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಆವರಣದಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಉಳಿಸಿಕೊಂಡರು. ಆರೈಕೆ ಹೇಗೆ ಮಾಡಬೇಕು ಅಂತ ಅಲ್ಲೇ ಕಲಿತವರು ರೋಗಿಯನ್ನು ಕರೆದುಕೊಂಡು ಊರಿಗೆ ಹೋದರು. ಆಮೇಲೆ ಬೆಂಗಳೂರಿನಲ್ಲಿ ಶೈಲಾ ಪೈ ಮತ್ತು ಆರ್.ಎಲ್. ಕಪೂರ್ ಎಂಬ ಸಂಶೋಧಕರು ಒಂದು ಅಧ್ಯಯನ ಮಾಡಿದರು. ಸ್ಕಿಜೋಫ್ರೀನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವಂಥ ತೀವ್ರ ಮನೋರೋಗ) ಇದ್ದ ಕೆಲವರನ್ನು ಆಸ್ಪತ್ರೆಗೆ ಸೇರಿಸಿದರು. ಇನ್ನು ಕೆಲವರು ಮನೆಯಲ್ಲೇ ಇದ್ದರು, ನರ್ಸ್ ಅವರ ಮನೆಗೆ ಹೋಗಿ ಬರುತ್ತಿದ್ದರು. ಮನೆಯಲ್ಲಿದ್ದವರೇ ಹೆಚ್ಚು ಚೇತರಿಸಿಕೊಂಡರು. ಮನೆಯವರ ಹೊರೆ ಇಳಿಯಿತು, ಖರ್ಚೂ ಕಡಿಮೆಯಾಯಿತು. ಇದನ್ನು ಓದುವಾಗ ನನಗೆ ರೋಮಾಂಚನವಾಗಿತ್ತು. 1980ರ ದಶಕದಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು ಇಡೀ ಜಿಲ್ಲೆಗೆ ಚಿಕಿತ್ಸೆ ಮುಟ್ಟಿಸಿ ತೋರಿಸಿದರು. ಅದೇ ಮಾದರಿಯ ಮೇಲೆ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನನ್ನ ಕೆಲಸ ಅದರಲ್ಲೇ.

ಒಂದು ಮನೆಯ ಕಥೆ ಹೇಳುತ್ತೇನೆ. ಆ ಹೆಣ್ಣುಮಗಳು ಮಾತ್ರೆ ಬಿಟ್ಟಿದ್ದಳು. ಹಟ ಮಾಡ್ತಾಳೆ ಅಂತ ಅತ್ತೆಯ ದೂರು. ನಾನು ಅಡುಗೆಮನೆಯಲ್ಲಿ ಅವಳ ಪಕ್ಕ ಸುಮ್ಮನೆ ಕೂತೆ. ತುಂಬಾ ಹೊತ್ತಿನ ಮೇಲೆ ಅವಳೇ ಅಂದಳು, “ಕೈ ನಡಗ್ತಾವ್ರಿ ಅಕ್ಕಾರ, ರೊಟ್ಟಿ ಬಡಿಯಾಕ ಆಗವಲ್ದು.” ಅದು ಮಾತ್ರೆಯ ಅಡ್ಡಪರಿಣಾಮ. ಡಾಕ್ಟರಿಗೆ ಹೇಳಿದೆ, ಅವರು ಡೋಸ್ ಇಳಿಸಿದರು. ಮುಂದಿನ ತಿಂಗಳು ಹೋದಾಗ ಅವಳೇ ಬಡಿದ ರೊಟ್ಟಿ ತಿಂದು ಬಂದೆ.

ಕಷ್ಟ ಇಲ್ಲವೆಂದು ಹೇಳಲಾರೆ. ಬೈಗುಳ ಕೇಳಬೇಕಾಗುತ್ತದೆ, ಒಮ್ಮೊಮ್ಮೆ ಏಟೂ ಬೀಳುತ್ತದೆ. ಸಿಬ್ಬಂದಿ ಎಲ್ಲ ಕಡೆಯೂ ಕಡಿಮೆ. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರು ನನ್ನ ಕೆಲಸ ಕೇಳಿ ಮುಖ ಸಿಂಡರಿಸಿದ್ದೂ ಇದೆ. ಆದರೂ ಇನ್ನೊಮ್ಮೆ ಆರಿಸಿಕೊಳ್ಳಿ ಅಂದರೆ ಇದನ್ನೇ ಆರಿಸಿಕೊಳ್ಳುತ್ತೇನೆ.

ಅರ್ಜಿ ಹಾಕುವ ಮುಂಚೆ ಮಗಳ ಜೊತೆ ಒಂದು ದಿನ ನಿಮ್ಮ ಜಿಲ್ಲಾಸ್ಪತ್ರೆಯ ಮನೋರೋಗ ಓಪಿಡಿಗೆ ಹೋಗಿ. ಅಲ್ಲಿನ ಸಿಸ್ಟರ್ ಬಿಡುವಾಗಿದ್ದರೆ ಅವರನ್ನೂ ಮಾತಾಡಿಸಿ. ಆಮೇಲೂ ಏನಾದರೂ ಕೇಳಬೇಕು ಅನಿಸಿದರೆ ಇಲ್ಲೇ ಬರೆಯಿರಿ, ಖಂಡಿತ ಉತ್ತರ ಕೊಡುತ್ತೇನೆ.