ಸರ್ವೀಸ್ ಆದ ಮೇಲೆ ಬ್ರೇಕ್ ಒತ್ತಿದರೆ ಬಿಎಂಡಬ್ಲ್ಯು ಜ಼ೆಡ್4 ಕಾರಿನ ಸ್ಟೀರಿಂಗ್ ನಡುಗುತ್ತಿದೆ, ಡೀಲರ್ ಡಿಸ್ಕ್ ಬದಲಿಸಿ ಅನ್ನುತ್ತಿದ್ದಾರೆ

ಮೊದಲ ಅನುಮಾನ ವೀಲ್ ಬೋಲ್ಟ್‌ಗಳ ಮೇಲೆ. ಇಂಪ್ಯಾಕ್ಟ್ ಗನ್ನಿನಲ್ಲಿ ಒಂದೊಂದನ್ನು ಒಂದೊಂದು ಬಿಗಿಗೆ ತಿರುಗಿಸಿದರೆ ಅಥವಾ ಹಬ್ (ಡಿಸ್ಕ್ ಮತ್ತು ಚಕ್ರ ಕೂರುವ ಭಾಗ) ಮೇಲೆ ತುಕ್ಕು ಉಳಿದಿದ್ದರೆ ಡಿಸ್ಕ್ ನೇರವಾಗಿ ಕೂರುವುದಿಲ್ಲ. ಬ್ರೇಕ್ ಮುಟ್ಟದೆಯೂ ನಡುಗಿದರೆ ಮಾತ್ರ ವೀಲ್ ಬ್ಯಾಲೆನ್ಸಿಂಗ್ ಕಡೆ ನೋಡಿ.

ಮುಂದಿನ ಎರಡೂ ಚಕ್ರ, ಡಿಸ್ಕ್ ಬಿಚ್ಚಿಸಿ, ಹಬ್ ಮುಖವನ್ನು ವೈರ್ ಬ್ರಷ್‌ನಿಂದ ಉಜ್ಜಿಸಿ. ಬೋಲ್ಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ, ಟಾರ್ಕ್ ರೆಂಚ್‌ನಲ್ಲೇ ನಿಮ್ಮ ಕಾರಿನ ಮ್ಯಾನುಯಲ್ ಹೇಳುವಷ್ಟು ಬಿಗಿಗೆ (ಜಿ29 ತಲೆಮಾರಿನ ಜ಼ೆಡ್4 ಆದರೆ 140 ನ್ಯೂಟನ್ ಮೀಟರ್) ಬಿಗಿಸಬೇಕು. ಎದುರು ನಿಂತು ನೋಡಿ. ಮೆಕ್ಯಾನಿಕ್‌ಗಳಿಗೆ ಗನ್ ಚಪಲ ಬಿಡುವುದು ಕಷ್ಟ! ಸುಮಾರು 100 ಕಿ.ಮೀ. ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ.

ಆಮೇಲೂ ನಡುಗಿದರೆ ಡಿಸ್ಕಿಗೆ ಪ್ಯಾಡ್ ಪದರ ಅಂಟಿರಬಹುದು, ಡಿಸ್ಕೇ ಕೆಟ್ಟಿರಲೂಬಹುದು, ಅಳೆಯದೆ ಹೇಳಲಾಗದು. ಖಾಲಿ ರಸ್ತೆಯಲ್ಲಿ ಗಂಟೆಗೆ 90 ಕಿ.ಮೀ. ವೇಗದಿಂದ 20ಕ್ಕೆ ಎಂಟು ಹತ್ತು ಸಲ, ಪೂರ್ತಿ ನಿಲ್ಲಿಸದೆ, ಗಟ್ಟಿಯಾಗಿ ಬ್ರೇಕ್ ಹಾಕಿ. ಪದರವಾದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ.

ಡಿಸ್ಕಿಗೆ ದುಡ್ಡು ಕೊಡುವ ಮುಂಚೆ ಜಾಬ್ ಕಾರ್ಡಿನಲ್ಲಿ ಹೀಗೆ ಬರೆಸಿ: ಡಯಲ್ ಗೇಜ್‌ನಲ್ಲಿ ರನ್‌ಔಟ್ (ತಿರುಗುವಾಗ ಡಿಸ್ಕ್ ಎಷ್ಟು ಓಲಾಡುತ್ತದೆ ಎಂಬುದು), ಮೈಕ್ರೋಮೀಟರಿನಲ್ಲಿ ಐದಾರು ಕಡೆ ದಪ್ಪ. ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಕೆತ್ತಿರುತ್ತದೆ, ಹೋಲಿಸಿ. ಅಂಕಿ ಕೊಡಲು ಒಪ್ಪದಿದ್ದರೆ ಸರ್ವೀಸ್ ಮ್ಯಾನೇಜರ್‌ಗೆ ಇಮೇಲ್ ಹಾಕಿ, ಬೇರೆ ಕಡೆ ಅಳೆಸಿ.